ಕಾರ್ಡ್ ರಸ್ತೆಯಿಂದ ಬ್ಯಾಲಾಳಿಗೆ

ಬೆಂಗಳೂರಿನ ಪಡುವಣ ಬಡಾವಣೆಗಳಿಗೆ ಮೊದಲ ಬಾರಿಗೆ ಬರುವ ಅತಿಥಿಯ ಕೈಯಲ್ಲಿ ವಿಳಾಸವಿದ್ದ ಮಾತ್ರಕ್ಕೆ ಮನೆ ಸಿಕ್ಕುವುದೆಂಬ ಭರವಸೆಯಿಲ್ಲ. ಮನೆಯ ಸಂಖ್ಯೆ, ಅಡ್ಡರಸ್ತೆಯ ಸಂಖ್ಯೆ, ಮುಖ್ಯರಸ್ತೆಯ ಸಂಖ್ಯೆ, ಅದರ ಮೇಲೆ ಬ್ಲಾಕಿನ ಸಂಖ್ಯೆ, ಹೀಗೆ ಕಾಗದದ ಮೇಲೆ ಎಲ್ಲವೂ ಗಣಿತದಷ್ಟು ಸ್ಪಷ್ಟವಾಗಿರುತ್ತದೆ. ಆದರೆ ರಾಜಾಜಿನಗರಕ್ಕೊಂದು ಒಂದನೆಯ ಮುಖ್ಯರಸ್ತೆ, ಬಸವೇಶ್ವರನಗರಕ್ಕೊಂದು ಒಂದನೆಯ ಮುಖ್ಯರಸ್ತೆ, ವಿಜಯನಗರಕ್ಕೆ ಮತ್ತೊಂದು. ರಾಜಾಜಿನಗರದಲ್ಲಿ ಮೊದಲನೆಯ ಬ್ಲಾಕ್ ಬೇರೆ, ಮೊದಲನೆಯ ‘ಎನ್’ ಬ್ಲಾಕ್ ಬೇರೆ. ಅಡ್ಡರಸ್ತೆಗಳ ಎಣಿಕೆಯಂತೂ ಎಪ್ಪತ್ತರ ಆಚೆಗೂ ಹೋಗುತ್ತದೆ. ಅಂಕೆಗಳನ್ನು ನೆಚ್ಚಿ ಹೊರಟವನು ಸಂಜೆಯವರೆಗೆ ಸುತ್ತಿದರೂ ಆಶ್ಚರ್ಯವಿಲ್ಲ.

ಅಲ್ಲಿಯ ನಿವಾಸಿಗಳು ಈ ಅಂಕೆಗಳನ್ನು ನೆಚ್ಚಿದವರೇ ಅಲ್ಲ. “ನವರಂಗ್ ಹತ್ತಿರ”, “ಭಾಷ್ಯಂ ಸರ್ಕಲ್ ದಾಟಿ”, “ಹಾವನೂರು ಸರ್ಕಲ್ಲಿನಲ್ಲಿ ಇಳಿದು”, “ಮಾರುತಿ ಮಂದಿರದ ಹಿಂದುಗಡೆ” ಎಂದೇ ಅವರು ದಾರಿ ಹೇಳುವುದು. ಚಿತ್ರಮಂದಿರ, ದೇವಸ್ಥಾನ, ಹೋಟೆಲು, ವೃತ್ತ ಇವೇ ಅವರ ದಿಕ್ಸೂಚಿಗಳು. ಸಂಖ್ಯೆಯು ಅಂಚೆಯವನಿಗೆ, ಗುರುತು ನೆಂಟರಿಗೆ ಎಂಬಂತೆ ವ್ಯವಸ್ಥೆಯು ತಾನಾಗಿ ಏರ್ಪಟ್ಟಿದೆ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ರೂಪುಗೊಂಡು ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರನ್ನು ಹೊತ್ತ ರಾಜಾಜಿನಗರವು ಕಾರ್ಖಾನೆಗಳ ನೆರೆಯಲ್ಲಿ ಬೆಳೆದ ಉಪನಗರ. ಅದರ ಮೈಯೊಳಗೆ ಕೇತಮಾರನಹಳ್ಳಿಯಂಥ ಹಳೆಯ ಗ್ರಾಮಗಳು ಇಂದಿಗೂ ಹೆಸರನ್ನು ಉಳಿಸಿಕೊಂಡಿವೆ. ಬಸವೇಶ್ವರನಗರದ ಮಗ್ಗುಲಲ್ಲಿ ಸಾಣೆಗುರುವನಹಳ್ಳಿ, ಕುರುಬರಹಳ್ಳಿಗಳು. ವಿಜಯನಗರದ ಮಗ್ಗುಲಲ್ಲಿ ಹೊಸಹಳ್ಳಿ, ಅತ್ತಿಗುಪ್ಪೆ, ಮೂಡಲಪಾಳ್ಯಗಳು. ಇವೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿರುವುದು ಕಾರ್ಡ್ ರಸ್ತೆ. ನಗರವೆಂಬ ವೃತ್ತದ ಕೇಂದ್ರದಿಂದ ತುಮಕೂರಿನ ಕಡೆಗೊಂದು, ಮೈಸೂರಿನ ಕಡೆಗೊಂದು ರಸ್ತೆ ಹೊರಟರೆ, ಆ ಎರಡನ್ನೂ ಹೊರಗಿನಿಂದಲೇ ಜೋಡಿಸುವ ಜ್ಯಾರೇಖೆಯಂತೆ ಈ ರಸ್ತೆ ಹಾದುಹೋಗುತ್ತದೆ. ರೇಖಾಗಣಿತದಿಂದ ಬಂದ ಈ ಹೆಸರು ಕನ್ನಡದಲ್ಲಿ ಬರೆದಾಗ ಪಡಿತರದ ಕಾರ್ಡು, ಅಂಚೆಯ ಕಾರ್ಡುಗಳ ಸಾಲಿಗೆ ಸೇರಿಬಿಡುವುದು ಒಂದು ವಿನೋದ. ಈ ಲೇಖನದಲ್ಲಿ ಬರುವ ಮತ್ತೊಂದು ಕಾರ್ಡು ಇವೆಲ್ಲಕ್ಕಿಂತಲೂ ಚಿಕ್ಕದು, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು. ಆದರೆ ಪಡುವಣ ಬೆಂಗಳೂರಿನ ಎಲ್ಲ ಅಡ್ಡರಸ್ತೆಗಳೂ ಅದರೊಳಗೆ ಅಡಗಿರುತ್ತವೆ.

ಮೂಕವಾದ ಯಂತ್ರ

ಬಸವೇಶ್ವರನಗರದ ಗೃಹಸ್ಥರೊಬ್ಬರನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ತೆಗೆದು, ಹತ್ತು ವರ್ಷ ಹಳೆಯದಾದರೂ ಅಚ್ಚುಕಟ್ಟಾದ ಕಾರೊಂದನ್ನು ಅವರು ಕೊಂಡುಕೊಂಡಿದ್ದಾರೆ. ಮನೆಗೆ ಬಂದ ಮೊದಲ ಕಾರು. ನಿಂಬೆಹಣ್ಣು, ಕುಂಕುಮ, ಪೂಜೆ ಎಲ್ಲವೂ ಆಗಿದೆ. ಕಾರಿನ ಮುಂಭಾಗದಲ್ಲಿ, ಚಾಲಕನ ಎಡಗೈಗೆ ಎಟಕುವಂತೆ, ದಾರಿ ತೋರಿಸುವ ಯಂತ್ರವೂ ಇದೆ. ಆದರೆ ಹಳೆಯ ಬ್ಯಾಟರಿಯನ್ನು ತೆಗೆದು ಹೊಸದನ್ನು ಹಾಕಿಸಿದ ದಿನದಿಂದ ಆ ಯಂತ್ರ ಬಾಯಿ ಮುಚ್ಚಿಕೊಂಡಿದೆ. ಪರದೆಯ ಮೇಲೆ ನಾಲ್ಕು ಖಾಲಿ ಚೌಕಗಳು. ಗುಪ್ತಸಂಖ್ಯೆಯನ್ನು ಒತ್ತಿರೆಂಬ ಆಜ್ಞೆ. ಮಗಳು ತಂದೆಯ ಜನ್ಮವರ್ಷವನ್ನು ಒತ್ತಿದಳು, ಮನೆಯ ಸಂಖ್ಯೆಯನ್ನು ಒತ್ತಿದಳು, ನಾಲ್ಕು ಸೊನ್ನೆಗಳನ್ನು ಒತ್ತಿದಳು. ಯಂತ್ರವು ಮುನಿಸಿಕೊಂಡು ಆ ಚೌಕಗಳನ್ನೂ ಅಳಿಸಿಬಿಟ್ಟಿತು.

ಇದು ಯಂತ್ರದ ದೋಷವಲ್ಲ, ಕಾವಲು. ಕಾರಿನ ಬ್ಯಾಟರಿಯಿಂದ ಈ ಯಂತ್ರಕ್ಕೆ ಹಗಲಿರುಳೂ ಒಂದು ತೆಳುವಾದ ವಿದ್ಯುತ್ ಪ್ರವಾಹ ಹರಿಯುತ್ತಿರುತ್ತದೆ. ಅದು ಕಡಿದುಹೋದೊಡನೆ, ಯಾರೋ ತನ್ನನ್ನು ಕಾರಿನಿಂದ ಕಿತ್ತು ಒಯ್ಯುತ್ತಿದ್ದಾರೆಂದು ಯಂತ್ರವು ಭಾವಿಸುತ್ತದೆ. ಕದ್ದವನಿಗೆ ಸಂಖ್ಯೆ ತಿಳಿಯದು, ತಿಳಿಯದಿದ್ದರೆ ಮಾಲು ಮಾರಾಟವಾಗದು. ತಪ್ಪು ಸಂಖ್ಯೆಗಳನ್ನು ಮೇಲಿಂದ ಮೇಲೆ ಒತ್ತಿದರೆ ಕೆಲವು ಯಂತ್ರಗಳು ಒಂದು ಗಂಟೆಯ ಕಾಲ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಆ ಅವಧಿಯಲ್ಲಿ ಕಾರಿನ ಬೀಗದ ಕೈಯನ್ನು ತಿರುಗಿಸಿ ವಿದ್ಯುತ್ ಹರಿಯುವಂತೆ ಬಿಟ್ಟು ಕಾಯುವುದೊಂದೇ ದಾರಿ. ಇತ್ತೀಚಿನ ಮಾದರಿಗಳಲ್ಲಿ ಯಂತ್ರವು ತಾನಿರುವ ಕಾರನ್ನೇ ಗುರುತು ಹಿಡಿಯುವುದರಿಂದ ಈ ಕಾಟ ಕಡಿಮೆ. ಹಳೆಯವುಗಳಲ್ಲಿ ಆ ನಾಲ್ಕು ಅಂಕೆಗಳು ಮಾಲೀಕರ ಕೈಪಿಡಿಯೊಡನೆ ಬರುವ ಸಣ್ಣ ಚೀಟಿಯಲ್ಲಿರುತ್ತವೆ. ಚೀಟಿ ಕಳೆದುಹೋಗಿದ್ದರೆ ಯಂತ್ರದ ಕ್ರಮಸಂಖ್ಯೆ, ಕಾರಿನ ಚಾಸಿ ಸಂಖ್ಯೆ, ನೋಂದಣಿ ಪತ್ರ, ಮಾಲೀಕರ ಗುರುತಿನ ಪತ್ರ ಇಷ್ಟನ್ನೂ ಹಿಡಿದುಕೊಂಡು ಅಧಿಕೃತ ಸೇವಾಕೇಂದ್ರಕ್ಕೆ ಹೋಗಬೇಕು. ಬಳಸಿದ ಕಾರನ್ನು ಕೊಂಡವರು ಮಾಲೀಕತ್ವದ ವರ್ಗಾವಣೆಗೆಂದು 29 ಮತ್ತು 30ನೇ ನಮೂನೆಗಳನ್ನು ಸಲ್ಲಿಸಿ ನೋಂದಣಿ ಪತ್ರವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಕೆಲಸವನ್ನು ಎಷ್ಟೋ ತಿಂಗಳು ಮುಂದೂಡುತ್ತಾರೆ. ಯಂತ್ರದ ಬಾಯಿ ಬಿಡಿಸುವ ದಿನ ಆ ಸೋಮಾರಿತನ ನೆನಪಿಗೆ ಬರುತ್ತದೆ.

ಗೃಹಸ್ಥರು ಆ ವಿಷಯದಲ್ಲಿ ಜಾಗರೂಕರಾಗಿದ್ದರು. ಪತ್ರಗಳನ್ನು ತೋರಿಸಿದರು, ಸಂಖ್ಯೆ ದೊರೆಯಿತು, ಪರದೆ ಬೆಳಗಿತು. ಆದರೆ ಬೆಳಗಿದ ಪರದೆಯಲ್ಲಿ ನಕ್ಷೆಯಿರಲಿಲ್ಲ. ‘ನಕ್ಷೆಯ ಕಾರ್ಡನ್ನು ಹಾಕಿರಿ’ ಎಂಬ ಹೊಸ ಆಜ್ಞೆ ಬಂದಿತು. ಹಾಕುವ ಸಂದು ಖಾಲಿಯಾಗಿತ್ತು.

ಅಂಕೆ ಇದೆ, ಹೆಸರಿಲ್ಲ

ಆಕಾಶದಲ್ಲಿರುವ ಉಪಗ್ರಹಗಳೇ ದಾರಿಯನ್ನು ಹೇಳುತ್ತವೆಂದು ಹಲವರು ನಂಬಿದ್ದಾರೆ. ಉಪಗ್ರಹಕ್ಕೆ ರಾಜಾಜಿನಗರವೂ ತಿಳಿಯದು, ಕೆಂಗೇರಿಯೂ ತಿಳಿಯದು. ಅದು ಮಾಡುವ ಕೆಲಸ ಒಂದೇ: ‘ನಾನು ಇಂಥಲ್ಲಿದ್ದೇನೆ, ಈಗ ಇಷ್ಟು ಹೊತ್ತು’ ಎಂದು ಸಾರುತ್ತಿರುವುದು. ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಹೀಗೆ ಸಾರುತ್ತಿವೆ. ಕನಿಷ್ಠ ನಾಲ್ಕು ಉಪಗ್ರಹಗಳ ಮಾತು ಎಷ್ಟೆಷ್ಟು ತಡವಾಗಿ ತಲಪಿತೆಂಬುದನ್ನು ಹೋಲಿಸಿ ಕಾರಿನ ಯಂತ್ರವು ತನ್ನ ಸ್ಥಾನವನ್ನು ಲೆಕ್ಕ ಹಾಕುತ್ತದೆ. ಗಡಿಯಾರವು ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಷ್ಟು ತಪ್ಪಿದರೆ ಲೆಕ್ಕ ಒಂದಡಿಯಷ್ಟು ತಪ್ಪುತ್ತದೆ. 2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕವು ಸಾಮಾನ್ಯ ಜನರಿಗೆ ದೊರೆಯುವ ಸಂಕೇತವನ್ನು ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ಆಗ ನೂರು ಮೀಟರಿನಷ್ಟು ವ್ಯತ್ಯಾಸ ಬರುತ್ತಿತ್ತು. ರಾಜಾಜಿನಗರದಲ್ಲಿ ನೂರು ಮೀಟರೆಂದರೆ ಬೇರೊಂದು ಅಡ್ಡರಸ್ತೆ, ಬೇರೆಯವರ ಮನೆ.

ಈ ಲೆಕ್ಕದ ಕೊನೆಯಲ್ಲಿ ಯಂತ್ರಕ್ಕೆ ಸಿಕ್ಕುವುದು ಅಕ್ಷಾಂಶ, ರೇಖಾಂಶಗಳೆಂಬ ಎರಡು ಅಂಕೆಗಳು ಮಾತ್ರ. ಉತ್ತರಕ್ಕೆ ಸುಮಾರು 12.99, ಪೂರ್ವಕ್ಕೆ 77.55. ಅದು ರಾಜಾಜಿನಗರವೆಂದೂ, ಎದುರಿನ ರಸ್ತೆ ಏಕಮುಖ ಸಂಚಾರದ್ದೆಂದೂ, ಬಲಕ್ಕೆ ತಿರುಗಿದರೆ ದಾರಿ ಮುಗಿಯುತ್ತದೆಂದೂ ಹೇಳಬೇಕಾದದ್ದು ಕಾರ್ಡಿನೊಳಗಿನ ನಕ್ಷೆ. ಕಾರ್ಡು ಇಲ್ಲದ ಯಂತ್ರವು ತಾನೆಲ್ಲಿದ್ದೇನೆಂಬುದನ್ನು ಬಲ್ಲದು, ಆದರೆ ಅದರ ಹೆಸರನ್ನು ಅರಿಯದು. ವಿಳಾಸದ ಅಂಕೆಗಳನ್ನಷ್ಟೇ ಹಿಡಿದು ನವರಂಗ್ ಎದುರು ನಿಂತ ಅತಿಥಿಯ ಸ್ಥಿತಿಯೇ ಅದರದೂ.

ಮೊದಲಿನ ಒಡೆಯರು ಕಾರ್ಡನ್ನು ಏಕೆ ತೆಗೆದಿರಬಹುದೆಂಬುದು ಮನೆಯಲ್ಲಿ ಎರಡು ದಿನಗಳ ಚರ್ಚೆಯ ವಿಷಯವಾಯಿತು. ಛಾಯಾಚಿತ್ರದ ಕ್ಯಾಮೆರಾಕ್ಕೆಂದು ತೆಗೆದಿರಬೇಕೆಂದು ತಾಯಿಯ ಊಹೆ. ಅದು ಅಸಂಭವವೇನಲ್ಲ. ಎಸ್.ಡಿ. ಎಂಬ ಈ ಜಾತಿಯ ಕಾರ್ಡನ್ನು 1999ರಲ್ಲಿ ಮತ್ಸುಶಿತ, ತೋಷಿಬಾ, ಸ್ಯಾನ್‌ಡಿಸ್ಕ್ ಸಂಸ್ಥೆಗಳು ಕೂಡಿ ಹೊರತಂದವು. ಕ್ಯಾಮೆರಾಕ್ಕೂ ಕಾರಿಗೂ ಅದರ ಆಕಾರ ಒಂದೇ. ಆದರೆ ಹೆಸರಿನಲ್ಲಿರುವ ‘ಎಸ್’ ಅಕ್ಷರವು ಭದ್ರತೆಯನ್ನು ಸೂಚಿಸುತ್ತದೆ, ಮತ್ತು ತೊಡಕೆಲ್ಲ ಆ ಒಂದು ಅಕ್ಷರದಲ್ಲಿದೆ.

ಗೃಹಸ್ಥರು ಜೆ.ಸಿ. ರಸ್ತೆಗೆ ಹೋದರು. ಕಾರುಗಳ ಅಲಂಕಾರ ಸಾಮಗ್ರಿಗಳಿಗೆ ಹೆಸರಾದ ಆ ಬೀದಿಯಲ್ಲಿ ಸೀಟಿನ ಗವಸಿನಿಂದ ಹಿಡಿದು ಹಾರನ್ನಿನವರೆಗೆ ಸಿಕ್ಕದ ವಸ್ತುವಿಲ್ಲ. ಅಲ್ಲಿ ಒಬ್ಬನು ಲೋಕಾಭಿರಾಮವಾಗಿ, “ಕಾರ್ಡು ತಾನೇ ಸಾರ್, ನಾಳೆ ಬನ್ನಿ, ಬೇರೆ ಕಾರಿನದನ್ನು ಕಾಪಿ ಮಾಡಿ ಕೊಡ್ತೀನಿ. ಕಂಪನಿ ಬೆಲೆಯ ಕಾಲು ಭಾಗ ಕೊಟ್ಟರೆ ಸಾಕು” ಎಂದನು. ಗೃಹಸ್ಥರು ಮಧ್ಯಮವರ್ಗದವರು. ಬೆಲೆಯ ಕಾಲು ಭಾಗವೆಂಬ ಮಾತು ಅವರ ಕಿವಿಗೆ ಇಂಪಾಗಿಯೇ ಕೇಳಿಸಿತು. ಮನೆಗೆ ಬಂದು ಮಗಳೊಡನೆ ಹೇಳಿದಾಗ ಅವಳು ಒಪ್ಪಲಿಲ್ಲ.

“ಆ ಕಾಪಿ ನಡೆಯೋಲ್ಲ ಅಪ್ಪ. ನಡೆದರೂ ಅದು ಕದ್ದ ಮಾಲಲ್ಲವೇ?”

ಮಗಳ ಮಾತಿನ ಮೊದಲ ಭಾಗವು ಯಂತ್ರಶಾಸ್ತ್ರಕ್ಕೆ ಸೇರಿದ್ದು. ಪ್ರತಿಯೊಂದು ಎಸ್.ಡಿ. ಕಾರ್ಡಿನಲ್ಲಿಯೂ, ಕಡತಗಳನ್ನಿಡುವ ಜಾಗವನ್ನು ಬಿಟ್ಟು, ಹದಿನಾರು ಬೈಟುಗಳ ಒಂದು ಗುಪ್ತವಾದ ಮೂಲೆಯಿದೆ. ತಯಾರಕರ ಗುರುತು, ಕಾರ್ಡಿನ ಹೆಸರು, ಕ್ರಮಸಂಖ್ಯೆ, ತಯಾರಾದ ತಿಂಗಳು ಮತ್ತು ವರ್ಷ ಇವನ್ನು ಕಾರ್ಖಾನೆಯಲ್ಲಿಯೇ ಅಲ್ಲಿ ಬರೆದುಬಿಡುತ್ತಾರೆ. ಮಗುವಿನ ಮಚ್ಚೆಯಂತೆ ಅದು ಹುಟ್ಟಿನಿಂದ ಬಂದದ್ದು. ಸಾಮಾನ್ಯ ಬಳಕೆದಾರನು ಅದನ್ನು ಓದಬಹುದು, ತಿದ್ದಲಾಗದು. ನಕ್ಷೆಯ ತಯಾರಕರು ತಮ್ಮ ಪರವಾನಗಿಯ ಕಡತವನ್ನು ಈ ಮಚ್ಚೆಗೆ ಹೊಂದಿಸಿ ಕಟ್ಟಿರುತ್ತಾರೆ. ಕಾರಿನ ಯಂತ್ರವು ಕಾರ್ಡನ್ನು ಕಂಡೊಡನೆ ಎರಡನ್ನೂ ತಾಳೆ ನೋಡುತ್ತದೆ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಕಡತಗಳನ್ನೆಲ್ಲ ಒಂದಕ್ಷರವೂ ಬಿಡದಂತೆ ನಕಲು ಮಾಡಿದರೂ ಮಚ್ಚೆ ಬೇರೆಯಾಗಿರುವುದರಿಂದ ಯಂತ್ರವು ‘ಇದು ಸಲ್ಲದ ಕಾರ್ಡು’ ಎನ್ನುತ್ತದೆ. ಇನ್ನು ಕೆಲವು ಯಂತ್ರಗಳು ಮೊದಲ ಬಾರಿ ಹಾಕಿದ ಕಾರ್ಡಿನೊಡನೆ ಗಂಟು ಹಾಕಿಕೊಂಡುಬಿಡುತ್ತವೆ. ಆಮೇಲೆ ಆ ಕಾರ್ಡು ಬೇರೊಂದು ಕಾರಿನಲ್ಲಿ ಕೆಲಸ ಮಾಡುವುದಿಲ್ಲ.

ಮಾತಿನ ಎರಡನೆಯ ಭಾಗವು ಕಾಯಿದೆಗೆ ಸೇರಿದ್ದು. ಭಾರತದ ಕೃತಿಸ್ವಾಮ್ಯ ಕಾಯಿದೆ 1957ರದು. ಇಂಥ ಬೀಗಗಳನ್ನು ಹಕ್ಕುಗಳ ಉಲ್ಲಂಘನೆಗಾಗಿ ಮುರಿಯುವುದನ್ನು ಅಪರಾಧವೆಂದು ಸಾರುವ 65ಎ ಪ್ರಕರಣವನ್ನು ಅದಕ್ಕೆ 2012ರ ತಿದ್ದುಪಡಿಯಲ್ಲಿ ಸೇರಿಸಲಾಯಿತು. ಆದರೂ ಒಂದು ಮಾತನ್ನು ಹೇಳಬೇಕು. ನಕ್ಷೆಯ ಬೆಲೆಯನ್ನು ಕಾರಿನ ಬೆಲೆಯೊಡನೆ ಒಮ್ಮೆ ತೆತ್ತಿರುವಾಗ, ಉಗುರಿನಗಲದ ಕಾರ್ಡು ಕಳೆದುಹೋದ ಮಾತ್ರಕ್ಕೆ ಮತ್ತೆ ಪೂರ್ಣ ಬೆಲೆಯನ್ನು ಕೇಳುವುದು ಎಷ್ಟು ನ್ಯಾಯ? ಪುಸ್ತಕ ಕಳೆದರೆ ಮತ್ತೊಂದನ್ನು ಕೊಳ್ಳಬೇಕೆಂಬ ವಾದ ಸರಿಯೇ. ಆದರೆ ಪುಸ್ತಕವು ಬೇರೊಬ್ಬರ ಕಪಾಟಿನಲ್ಲಿಟ್ಟರೆ ತೆರೆದುಕೊಳ್ಳಲಾರೆನೆಂದು ಹಟ ಮಾಡುವುದಿಲ್ಲ. ಈ ದೂರು ಹುರುಳಿಲ್ಲದ್ದಲ್ಲ.

ಅಂತೂ ಗೃಹಸ್ಥರು ಕಾಲು ಭಾಗದ ಆಸೆಯನ್ನು ಬಿಟ್ಟು ಸೇವಾಕೇಂದ್ರದ ಮೂಲಕವೇ ಬದಲಿ ಕಾರ್ಡನ್ನು ತರಿಸಿದರು. ಬರಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಮಗಳು ತಿಳಿದುಕೊಂಡ ಕೆಲವು ಸಂಗತಿಗಳು ಇಂಥ ಕಾರುಗಳಿರುವ ಇತರ ಮನೆಗಳಿಗೂ ಉಪಯೋಗಕ್ಕೆ ಬರಬಹುದು. ಕಾರ್ಡು ಕೈಯಲ್ಲಿದ್ದೂ ಯಂತ್ರವು ಓದದಿದ್ದರೆ ಮೊದಲು ಅದನ್ನು ಒತ್ತಿ ಹೊರತೆಗೆದು, ಹಿಂಭಾಗದ ಚಿನ್ನದ ಬಣ್ಣದ ಪಟ್ಟಿಗಳನ್ನು ಒಣಬಟ್ಟೆಯಿಂದ ಒರೆಸಿ, ‘ಟಕ್’ ಎಂಬ ಸದ್ದು ಬರುವವರೆಗೆ ಮತ್ತೆ ಒತ್ತಿ ನೋಡಬೇಕು. ಕಂಪ್ಯೂಟರಿಗೆ ಹಾಕಿದಾಗ ‘ಕಾರ್ಡನ್ನು ಫಾರ್ಮ್ಯಾಟ್ ಮಾಡಲೇ?’ ಎಂದು ಅದು ಕೇಳಿದರೆ ಬೇಡವೆನ್ನಬೇಕು. ಹೌದೆಂದವರ ಬೆಂಗಳೂರು ಅಳಿಸಿಹೋಗುತ್ತದೆ. ಕಾರ್ಡಿನ ಮಗ್ಗುಲಲ್ಲಿರುವ ಜಾರುಗುಬ್ಬಿಯನ್ನು ಬೀಗವೆಂದು ಕರೆದರೂ ಅದು ಬೀಗವೇ ಅಲ್ಲ. ‘ಇದರ ಮೇಲೆ ಬರೆಯಬೇಡ’ ಎಂದು ಓದುವ ಯಂತ್ರಕ್ಕೆ ತಿಳಿಸುವ ಒಂದು ಸಂಕೇತ, ಅಷ್ಟೆ. ಕಾರ್ಡಿಗೆ ಅದರ ಅರಿವೂ ಇರುವುದಿಲ್ಲ. ದೊಡ್ಡ ಕಾರ್ಡು ಒಳ್ಳೆಯದೆಂಬ ನಂಬಿಕೆಯೂ ಇಲ್ಲಿ ಸುಳ್ಳು: 32 ಗಿಗಾಬೈಟಿಗಿಂತ ಹೆಚ್ಚಿನ ಧಾರಣಶಕ್ತಿಯ ಕಾರ್ಡುಗಳ ಬರವಣಿಗೆಯ ಕ್ರಮವೇ ಬೇರೆಯಾದುದರಿಂದ ಹಳೆಯ ಯಂತ್ರಗಳಿಗೆ ಅದು ಅರ್ಥವಾಗುವುದಿಲ್ಲ. ಕಾರನ್ನು ಬಿಸಿಲಿನಲ್ಲಿ ದಿನಗಟ್ಟಲೆ ನಿಲ್ಲಿಸುವುದೂ ಕಾರ್ಡಿನ ಆಯುಷ್ಯಕ್ಕೆ ಒಳ್ಳೆಯದಲ್ಲ. ಅದರಲ್ಲಿ ಅಕ್ಷರಗಳಿರುವುದು ಸಿಕ್ಕಿಹಾಕಿಕೊಂಡ ವಿದ್ಯುತ್ಕಣಗಳ ರೂಪದಲ್ಲಿ; ಸೆಕೆಗೆ ಅವು ಮೆಲ್ಲಮೆಲ್ಲನೆ ಜಾರಿಕೊಳ್ಳುತ್ತವೆ.

ಯಾರ ಮನೆ?

ಭಾನುವಾರ ಬೆಳಿಗ್ಗೆ ಹೊಸ ಕಾರ್ಡನ್ನು ಸಂದಿನಲ್ಲಿ ಒತ್ತಿದಾಗ ಪಡುವಣ ಬೆಂಗಳೂರು ಪರದೆಯ ಮೇಲೆ ಮೂಡಿತು. ಅಕ್ಕಪಕ್ಕದ ಮಕ್ಕಳೂ ಇಣುಕಿ ನೋಡಿದರು. ಪರದೆಯ ಮೂಲೆಯಲ್ಲಿ ಮನೆಯೊಂದರ ಚಿಕ್ಕ ಚಿತ್ರವಿತ್ತು. ಯಂತ್ರವನ್ನು ಪರೀಕ್ಷಿಸಬೇಕೆಂದು ಗೃಹಸ್ಥರು ಅದನ್ನು ಮುಟ್ಟಿದರು. ಮನೆಯ ಮುಂದೆಯೇ ನಿಂತಿದ್ದ ಕಾರು ‘ಇನ್ನೂ 13 ಕಿಲೋಮೀಟರ್’ ಎಂದಿತು. ನೀಲಿಯ ಗೆರೆಯೊಂದು ಕಾರ್ಡ್ ರಸ್ತೆಯನ್ನು ಹಿಡಿದು, ವಿಜಯನಗರವನ್ನು ದಾಟಿ, ಮೈಸೂರು ರಸ್ತೆಗೆ ತಿರುಗಿ, ಕೆಂಗೇರಿ ಉಪನಗರದ ಒಂದು ಅಡ್ಡರಸ್ತೆಯಲ್ಲಿ ಕೊನೆಗೊಂಡಿತು.

“ಅದು ಅವರ ಮನೆ ಅಪ್ಪ!” ಎಂದಳು ಮಗಳು.

ಕಾರಿನ ಸಂಖ್ಯಾಫಲಕವು ಕೆ.ಎ. 41 ಎಂದು ಆರಂಭವಾಗುವುದನ್ನು ಅವರು ಗಮನಿಸಿರಲಿಲ್ಲವೆಂದಲ್ಲ. ರಾಜಾಜಿನಗರದ ಸಾರಿಗೆ ಕಚೇರಿಯ ಗುರುತು ಕೆ.ಎ. 02, 41 ಎಂದರೆ ಜ್ಞಾನಭಾರತಿ, ಕೆಂಗೇರಿಯ ಕಡೆ. ಆದರೆ ಫಲಕವು ಊರನ್ನಷ್ಟೇ ಹೇಳುತ್ತದೆ, ಈ ಯಂತ್ರ ಬಾಗಿಲನ್ನೇ ತೋರಿಸುತ್ತಿತ್ತು. ಅನೇಕ ಯಂತ್ರಗಳಲ್ಲಿ ನಕ್ಷೆ ಕಾರ್ಡಿನಲ್ಲಿದ್ದರೂ, ಒಡೆಯನು ಗುರುತು ಹಾಕಿಕೊಂಡ ಸ್ಥಳಗಳು ಯಂತ್ರದ ಒಡಲಿನಲ್ಲಿರುತ್ತವೆ. ಕಾರ್ಡನ್ನು ತೆಗೆದರೂ, ಬ್ಯಾಟರಿಯನ್ನು ಕಳಚಿದರೂ ಅವು ಅಳಿಯುವುದಿಲ್ಲ. ಮಗಳು ಮುಂದಿನ ಪುಟವನ್ನು ತೆರೆದಾಗ ಇನ್ನಷ್ಟು ಕಂಡವು: ಒಂದು ಶಾಲೆ, ಒಂದು ಆಸ್ಪತ್ರೆ, ‘ಅಮ್ಮ’ ಎಂಬ ಹೆಸರಿನ ಒಂದು ಗುರುತು. ಆಸ್ಪತ್ರೆಗೆ ಹೋದ ದಿನಗಳು ಒಂದರ ಕೆಳಗೊಂದು ಇದ್ದವು. ತಾಯಿ ಪರದೆಯ ಮೇಲೆ ಕೈ ಅಡ್ಡವಿಟ್ಟರು. “ಸಾಕು, ಮುಚ್ಚೇ. ಯಾರದೋ ಮನೆಯ ವಿಷಯ” ಎಂದರು.

ಕಾರನ್ನು ಮಾರುವವರು ಸೀಟಿನ ಕೆಳಗಿನ ಚಿಲ್ಲರೆ ಕಾಸನ್ನೂ ಹೆಕ್ಕಿಕೊಳ್ಳುತ್ತಾರೆ, ದೇವರ ಚಿತ್ರವನ್ನು ಬಿಡಿಸಿಕೊಂಡು ಹೋಗುತ್ತಾರೆ; ಇದನ್ನು ಮಾತ್ರ ಮರೆಯುತ್ತಾರೆ. ಮನೆ ಯಾವುದು, ಮನೆಯಿಂದ ಯಾವ ಹೊತ್ತಿಗೆ ಎಷ್ಟು ದೂರ ಹೋಗುತ್ತಾರೆ ಎಂಬುದು ಕಳ್ಳನಿಗೆ ಬೇಕಾದ ಮುಖ್ಯ ಸಮಾಚಾರವೆಂಬುದನ್ನು ವಿವರಿಸಬೇಕಾಗಿಲ್ಲ. ಬಹುತೇಕ ಎಲ್ಲ ಯಂತ್ರಗಳಲ್ಲಿಯೂ ಕಾರ್ಖಾನೆಯಿಂದ ಹೊರಟ ಸ್ಥಿತಿಗೆ ತರುವ ಒಂದು ಆದೇಶವಿರುತ್ತದೆ. ಮಾರುವ ಮುನ್ನ ಅದನ್ನು ಒತ್ತಲು ಎರಡು ನಿಮಿಷ ಸಾಕು.

ಆ ಭಾನುವಾರ ದೊಡ್ಡ ಆಲದ ಮರಕ್ಕೆ ಹೋಗುವುದೆಂದು ಮೊದಲೇ ಗೊತ್ತುಮಾಡಿ, ಚಿತ್ರಾನ್ನ ಮೊಸರನ್ನಗಳ ಡಬ್ಬಿಗಳು ಸಿದ್ಧವಾಗಿದ್ದುದರಿಂದ, ಅಳಿಸುವ ಕೆಲಸವನ್ನು ಅಲ್ಲಿಗೆ ಹೋಗಿ ಮಾಡುವುದೆಂದು ನಿಶ್ಚಯಿಸಿ ಹೊರಟರು. ಕೆಂಗೇರಿಯವರೆಗೆ ದಾರಿ ಒಂದೇ ಆದುದರಿಂದ ನೀಲಿಯ ಗೆರೆಯೂ ಜೊತೆಗೆ ಬಂದಿತು.

ಹಳೆಯ ನಕ್ಷೆ, ಹೊಸ ಊರು

ಕಾರ್ಡ್ ರಸ್ತೆಯಲ್ಲಿ ದಕ್ಷಿಣಕ್ಕೆ ಸಾಗಿದರೆ ಮಾಗಡಿ ರಸ್ತೆ ಅಡ್ಡಲಾಗಿ ಸಿಕ್ಕುವಲ್ಲಿ ಟೋಲ್‌ಗೇಟ್. ಸುಂಕದ ಕಟ್ಟೆ ಹೋಗಿ ಎಷ್ಟೋ ಕಾಲವಾದರೂ ಹೆಸರು ಉಳಿದಿದೆ. ಅಲ್ಲಿಂದ ಮುಂದೆ ವಿಜಯನಗರ. ಹಂಪಿನಗರವೆಂಬ ಬಡಾವಣೆಯನ್ನೂ ಮಗ್ಗುಲಲ್ಲಿ ಇಟ್ಟುಕೊಂಡಿರುವ ಈ ಪ್ರದೇಶದಲ್ಲಿ ಹಳೆಯ ಸಾಮ್ರಾಜ್ಯದ ವೈಭವವನ್ನು ಅರಸುವವರು ಸಂಜೆ ಆರು ಗಂಟೆಗೆ ಬಸ್‌ನಿಲ್ದಾಣದ ಬಳಿ ಬರಬೇಕು. ಹೂವು, ಹಣ್ಣು, ಬಟ್ಟೆ, ಪಾತ್ರೆ, ಇವುಗಳ ನಡುವೆ ನುಗ್ಗಿ ನಡೆಯುವ ಜನ. ಮುತ್ತು ರತ್ನಗಳನ್ನು ಬಳ್ಳದಲ್ಲಿ ಅಳೆಯದಿದ್ದರೂ ಅವರೆಕಾಯಿಯ ಕಾಲದಲ್ಲಿ ಅದನ್ನು ರಾಶಿ ರಾಶಿಯಾಗಿ ಸುರಿದಿರುತ್ತಾರೆ.

ತಲೆಯ ಮೇಲೆ ಮೆಟ್ರೊ ರೈಲು. ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗಿನ ಮಾರ್ಗವು 2015ರ ನವೆಂಬರಿನಲ್ಲಿ ತೆರೆಯಿತು, ಕೆಂಗೇರಿಯವರೆಗಿನದು 2021ರ ಆಗಸ್ಟಿನಲ್ಲಿ, ಅದರಾಚೆಯ ಚಲ್ಲಘಟ್ಟದವರೆಗಿನದು 2023ರ ಅಕ್ಟೋಬರಿನಲ್ಲಿ. ಬದಲಿ ಕಾರ್ಡು ಹೊಸದಾದರೂ ಅದರೊಳಗಿನ ನಕ್ಷೆ ಹಳೆಯದು. ನಾಯಂಡಹಳ್ಳಿಯಿಂದ ಆಚೆಗೆ ಅದರ ಪಾಲಿಗೆ ರೈಲಿನ ಕಂಬಗಳೇ ಇಲ್ಲ. ಕಾರು ಕಂಬಗಳ ನೆರಳಿನಲ್ಲಿ ನಿಂತಿದ್ದರೂ ಪರದೆಯಲ್ಲಿ ಆಕಾಶ ಬಯಲು. ಎತ್ತರದ ಕಾಂಕ್ರೀಟಿನ ಕೆಳಗೆ ಉಪಗ್ರಹದ ಸಂಕೇತಗಳು ತಡವರಿಸಿ, ಯಂತ್ರವು ಕಾರನ್ನು ಪಕ್ಕದ ರಸ್ತೆಗೆ ಎತ್ತಿಟ್ಟು ಮತ್ತೆ ತಂದದ್ದೂ ಉಂಟು. ಅದರ ಇಂಗ್ಲಿಷ್ ನಾಲಿಗೆಗೆ ‘ಅತ್ತಿಗುಪ್ಪೆ’ಯೂ ‘ದೀಪಾಂಜಲಿನಗರ’ವೂ ಹೊರಳದೆ ಹೊರಟ ಸದ್ದುಗಳನ್ನು ಕೇಳಿ ತಾಯಿ ದಾರಿಯುದ್ದಕ್ಕೂ ನಕ್ಕರು.

ಮೈಸೂರು ರಸ್ತೆಯ ಮಗ್ಗುಲಲ್ಲಿ ನಕ್ಷೆಯು ತಿಳಿನೀಲಿಯ ರೇಖೆಯೊಂದನ್ನು ತೋರಿಸುತ್ತದೆ. ಅದು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂಬ ಐತಿಹ್ಯವುಳ್ಳ, ಗಾಳಿ ಆಂಜನೇಯನ ಗುಡಿಯ ಬಳಿ ಹಾದು, ಕೆಂಗೇರಿಯನ್ನು ಬಳಸಿ, ಬೈರಮಂಗಲದ ಕೆರೆಯನ್ನು ತುಂಬಿ ಅರ್ಕಾವತಿಗೆ ಸೇರುವ ಈ ನದಿಯ ಬಣ್ಣವನ್ನು ಕಾರಿನ ಕಿಟಕಿಯಿಂದ ನೋಡಿದವರು ನಕ್ಷೆಗಾರನ ಔದಾರ್ಯಕ್ಕೆ ಬೆರಗಾಗುತ್ತಾರೆ. ಅರ್ಧ ನಗರದ ಕೊಳಚೆಯನ್ನು ಹೊತ್ತು ಹರಿಯುವ ಆ ನೀರಿನ ಸಾಮೀಪ್ಯವನ್ನು ಕಣ್ಣಿಗಿಂತ ಮೊದಲು ಮೂಗು ತಿಳಿಸುತ್ತದೆ.

ರಾಜರಾಜೇಶ್ವರಿನಗರದ ಕಮಾನು, ಜ್ಞಾನಭಾರತಿಯ ಮರಗಳು, ಆಮೇಲೆ ಕೆಂಗೇರಿ. ಉಪನಗರದ ತಿರುವು ಬಂದಾಗ ಯಂತ್ರವು ಎಚ್ಚರಿಸಿತು. ಗೃಹಸ್ಥರು ತಿರುಗಿಸಲಿಲ್ಲ. ಯಂತ್ರವು ಹೊಸ ಲೆಕ್ಕ ಹಾಕಿ ಮುಂದಿನ ತಿರುವನ್ನು ಸೂಚಿಸಿತು, ಅದನ್ನೂ ದಾಟಿದರು. ‘ಸಾಧ್ಯವಾದೊಡನೆ ಹಿಂತಿರುಗಿ’ ಎಂದು ಮೂರು ಬಾರಿ ಅದು ಬೇಡಿಕೊಂಡಿತು. ಹತ್ತು ವರ್ಷ ಪ್ರತಿದಿನ ಸಂಜೆ ಆ ತಿರುವಿನಲ್ಲಿ ಇಳಿದ ಕಾರು ಅದು.

“ಹೋಗಿ ಒಂದು ಸಲ ಮಾತಾಡಿಸಿ ಬರೋಣವೇ? ಆ ಅಮ್ಮ ಹೇಗಿದ್ದಾರೋ” ಎಂದರು ತಾಯಿ. ಗೃಹಸ್ಥರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮಗೆ ಹೇಗೆ ಗೊತ್ತಾಯಿತು ಅಂತ ಕೇಳಿದರೆ ಏನು ಹೇಳುವುದು?” ಎಂದು ಕಾರನ್ನು ಮುಂದಕ್ಕೆ ಬಿಟ್ಟರು.

ಬೆಂಗಳೂರು ಮೈಸೂರುಗಳ ನಡುವಣ ಹೊಸ ಹೆದ್ದಾರಿಯು 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಮೇಲೆ ಈ ಭಾಗದಲ್ಲಿ ಹಳೆಯ ನಕ್ಷೆಯನ್ನು ನಂಬುವುದು ಅಪಾಯ. ಸೇವಾರಸ್ತೆಯನ್ನು ಬಿಟ್ಟು ನಡುವಿನ ಹೆದ್ದಾರಿಗೆ ಏರಿದವರಿಗೆ ಊರುಗಳ ತಿರುವುಗಳು ಸಿಕ್ಕುವುದಿಲ್ಲ. ಕುಂಬಳಗೋಡಿನ ಕಡೆ ಎಳನೀರು ಮಾರುವವನನ್ನು ಕೇಳಿಕೊಂಡೇ ಅವರು ರಾಮೋಹಳ್ಳಿಯ ದಾರಿಯನ್ನು ಹಿಡಿದರು. ಕೇತೋಹಳ್ಳಿಯ ಆ ಆಲದ ಮರ ನಾನೂರು ವರ್ಷಗಳದೆಂದು ಪ್ರತೀತಿ. ಸುಮಾರು ಮೂರು ಎಕರೆಯನ್ನು ಆವರಿಸಿದೆ. ತಾಯಿಬುಡವು ರೋಗದಿಂದ ನಾಶವಾಗಿ, ಈಗ ನಿಂತಿರುವುದೆಲ್ಲ ಬಿಳಲುಗಳು ಬೇರೂರಿ ಆದ ಕಾಂಡಗಳು. ಕೋತಿಗಳ ಕಣ್ಣು ತಪ್ಪಿಸಿ ಕಾರಿನೊಳಗೇ ಊಟ ಮುಗಿಸಿದ ಮೇಲೆ ಮಗಳು ಯಂತ್ರದ ಆದೇಶವನ್ನು ಒತ್ತಿದಳು. ‘ಎಲ್ಲವನ್ನೂ ಅಳಿಸಲೇ?’ ಎಂದು ಅದು ಎರಡು ಬಾರಿ ಕೇಳಿತು. ಎರಡನೆಯ ಬಾರಿ ತಾಯಿಯೇ ಬೆರಳಿಟ್ಟರು.

ಗಡಿಯಾರಗಳ ಊರು

ಆಲದ ಮರದಿಂದ ಪಶ್ಚಿಮಕ್ಕೆ ಕೆಲವೇ ಮೈಲಿ ಸಾಗಿದರೆ ಬ್ಯಾಲಾಳು. ಸುತ್ತ ಗುಡ್ಡಗಳಿದ್ದು ಬಟ್ಟಲಿನಂತಿರುವ ಈ ನೆಲಕ್ಕೆ ನಗರದ ರೇಡಿಯೊ ಗದ್ದಲ ಅಷ್ಟಾಗಿ ತಾಗದೆಂಬ ಕಾರಣದಿಂದ ಇಸ್ರೊ ಸಂಸ್ಥೆಯು ದೂರಾಂತರಿಕ್ಷದ ಸಂಕೇತಗಳನ್ನು ಆಲಿಸುವ ಕೇಂದ್ರವನ್ನು ಇಲ್ಲಿ ಕಟ್ಟಿತು. 32 ಮೀಟರ್ ವ್ಯಾಸದ ಆಂಟೆನವು 2008ರ ಅಕ್ಟೋಬರಿನಲ್ಲಿ, ಮೊದಲ ಚಂದ್ರಯಾನಕ್ಕೆ ಸರಿಯಾಗಿ ಸಿದ್ಧವಾಯಿತು. ಅಪ್ಪಣೆಯಿಲ್ಲದೆ ಒಳಗೆ ಪ್ರವೇಶವಿಲ್ಲ. ಗೃಹಸ್ಥರ ಕುಟುಂಬವೂ ಆ ಕಡೆಯ ದಾರಿಯಲ್ಲಿ ಒಂದಿಷ್ಟು ಸುತ್ತಿ ತೃಪ್ತಿಪಡಬೇಕಾಯಿತು.

ಇದೇ ಆವರಣದಲ್ಲಿ 2013ರ ಮೇ ತಿಂಗಳಿನಲ್ಲಿ ಇಸ್ರೊ ಸಂಸ್ಥೆಯ ಸಂಚಾರ ನಿರ್ದೇಶನ ಕೇಂದ್ರವು ಆರಂಭವಾಯಿತು. ಭಾರತಕ್ಕೆ ತನ್ನದೇ ಆದ ದಾರಿತೋರುವ ಉಪಗ್ರಹಗಳಿರಬೇಕೆಂಬ ಸಂಕಲ್ಪದ ಒಂದು ನೆಲೆ ಅದು. ದೇಶದ ಸಂಕೇತಗಳಿಗೆ ಬೇಕಾದ ಕರಾರುವಾಕ್ಕಾದ ಸಮಯವನ್ನು ಕಾಯುವುದು ಅಲ್ಲಿಯ ಗಡಿಯಾರಗಳ ಕೆಲಸ. ಅದೇ ವರ್ಷ ಜುಲೈ 1ರಂದು ಮೊದಲ ಉಪಗ್ರಹ ಹಾರಿತು. 2016ರ ಏಪ್ರಿಲಿನಲ್ಲಿ ಏಳನೆಯದು ಹಾರಿ ವ್ಯೂಹಕ್ಕೆ ನಾವಿಕ್ ಎಂಬ ಹೆಸರು ಬಂದಿತು. 36,000 ಕಿಲೋಮೀಟರಿನಷ್ಟು ಎತ್ತರದಿಂದ ಅವುಗಳ ಮಾತು ಭೂಮಿಗೆ ಇಳಿಯಲು ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು ಕಾಲ ಹಿಡಿಯುತ್ತದೆ.

ಆದರೆ ಇಲ್ಲಿಯೂ ಕೆಟ್ಟದ್ದು ಸಣ್ಣ ವಸ್ತುವೇ. ಮೊದಲ ಉಪಗ್ರಹದಲ್ಲಿ ಇದ್ದ ಮೂರು ಪರಮಾಣು ಗಡಿಯಾರಗಳು, ಸ್ವಿಟ್ಸರ್ಲೆಂಡಿನಿಂದ ತರಿಸಿದವು, ಒಂದರ ಹಿಂದೊಂದು ನಿಂತುಹೋದವು. ಉಪಗ್ರಹ ಹಾರುತ್ತಲೇ ಇತ್ತು, ಹೊತ್ತು ಹೇಳಲಾರದೆ ಹೋಯಿತು. ಕಾರಿನ ಕಾರ್ಡಿನಂತೆ ಅದನ್ನು ಹೊರಗೆಳೆದು ಬದಲಿಸುವಂತಿಲ್ಲ. ಬದಲಿಗೆ ಇಡೀ ಉಪಗ್ರಹವನ್ನೇ ಹಾರಿಸಬೇಕು. 2017ರ ಆಗಸ್ಟ್ 31ರಂದು ಹಾರಿಸಿದ ಬದಲಿ ಉಪಗ್ರಹವು, ರಾಕೆಟ್ಟಿನ ತುದಿಯ ಕವಚ ಬಿಚ್ಚಿಕೊಳ್ಳದೆ, ಒಳಗೇ ಸೆರೆಯಾಗಿ ಉಳಿಯಿತು. 2018ರ ಏಪ್ರಿಲಿನಲ್ಲಿ ಇನ್ನೊಂದನ್ನು ಕಳಿಸಿದರು. 2023ರ ಮೇ 29ರಂದು ಹಾರಿದ ಎನ್.ವಿ.ಎಸ್. 01 ಉಪಗ್ರಹದಲ್ಲಿ ಸ್ವದೇಶದಲ್ಲಿಯೇ ಮಾಡಿದ ರುಬಿಡಿಯಂ ಗಡಿಯಾರವಿದೆ. ಅದರ ತಮ್ಮನಾದ ಎನ್.ವಿ.ಎಸ್. 02, 2025ರ ಜನವರಿಯಲ್ಲಿ, ಶ್ರೀಹರಿಕೋಟೆಯ ನೂರನೆಯ ಉಡಾವಣೆಯೆಂಬ ಸಂಭ್ರಮದಲ್ಲಿ ಹೊರಟರೂ, ಕಕ್ಷೆಯನ್ನು ಏರಿಸುವ ಯಂತ್ರಕ್ಕೆ ಉತ್ಕರ್ಷಕವನ್ನು ಒದಗಿಸುವ ಕವಾಟಗಳು ತೆರೆಯದೆ ತನ್ನ ಜಾಗಕ್ಕೆ ತಲಪಲಿಲ್ಲ. ಅದುವರೆಗೆ ಹಾರಿಸಿದ ಹನ್ನೊಂದು ಉಪಗ್ರಹಗಳಲ್ಲಿ ಸ್ಥಾನವನ್ನು ತಿಳಿಸುವ ಕೆಲಸಕ್ಕೆ ನಾಲ್ಕು ಮಾತ್ರ ಒದಗುತ್ತಿವೆಯೆಂದು ಸರ್ಕಾರವು 2025ರಲ್ಲಿ ಸಂಸತ್ತಿಗೆ ತಿಳಿಸಿತು. ಸ್ಥಾನವನ್ನು ಲೆಕ್ಕ ಹಾಕಲು ಬೇಕಾದ ಕನಿಷ್ಠ ಸಂಖ್ಯೆಯೂ ನಾಲ್ಕೇ.

ಗೃಹಸ್ಥರ ಕಾರಿನ ಯಂತ್ರಕ್ಕೆ ಇವುಗಳ ಧ್ವನಿ ಕೇಳಿಸುವುದಿಲ್ಲ, ಜಿ.ಪಿ.ಎಸ್. ಒಂದನ್ನೇ ಆಲಿಸುವಂತೆ ಅದನ್ನು ಮಾಡಿದ್ದಾರೆ. ಬ್ಯಾಲಾಳಿನ ಗುಡ್ಡಗಳ ಮಗ್ಗುಲಲ್ಲಿ ನಿಂತು ಅದು ತನ್ನ ದಾರಿಯನ್ನು ಕೇಳಿದ್ದು ಅಮೆರಿಕದ ಉಪಗ್ರಹಗಳನ್ನು. ಮಗಳು ಹೊಸದಾಗಿ ಮನೆಯ ಗುರುತನ್ನು ಹಾಕಲು ಹೊರಟು ಬಸವೇಶ್ವರನಗರದ ಅಡ್ಡರಸ್ತೆ, ಮುಖ್ಯರಸ್ತೆಗಳ ಅಂಕೆಗಳನ್ನು ಒತ್ತಿದಳು. ಯಂತ್ರವು ಅದೇ ಅಂಕೆಗಳ ಮೂರು ರಸ್ತೆಗಳನ್ನು ತೋರಿಸಿ, ಇವುಗಳಲ್ಲಿ ಯಾವುದೆಂದು ಕೇಳಿತು.

“ಹಾವನೂರು ಸರ್ಕಲ್ ಅಂತ ಹಾಕು” ಎಂದರು ತಾಯಿ.